ಲಾನ್‌ನಿಂದ ಒಣಮೆತ್ತೆ, ಪಾಚಿ ತೆಗೆಯುವುದು ಹೇಗೆ: ಬೆಂಗಳೂರಿನ ಅಂಗಳಕ್ಕೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾದರೆ ಸಾಕು, ಪರಿಚಯದವರಿಂದ ಒಂದೇ ಪ್ರಶ್ನೆ ಬರುತ್ತದೆ. "ಹೋದ ವರ್ಷ ಪಾಚಿಯನ್ನೆಲ್ಲ ಕೆರೆದು ತೆಗೆಸಿದ್ದೆವು. ಮೇಲೆ ಒಂದು ಟೆಂಪೋ ಕೆಂಪು ಮಣ್ಣೂ ಹಾಕಿಸಿದೆವು. ಈ ವರ್ಷ ಎರಡರಷ್ಟಾಗಿದೆ, ಯಾಕೆ?"

ಅವರು ಮಾಡಿದ ಕೆಲಸಗಳು ಹೆಚ್ಚುಕಮ್ಮಿ ಸರಿಯೇ. ಕ್ರಮ ತಲೆಕೆಳಗಾಗಿದೆ ಅಷ್ಟೇ. ಜೀವ ಇರುವ ಪಾಚಿಯನ್ನು ಕೆರೆದರೆ ಅದರ ಚೂರುಗಳು ಲಾನ್ ತುಂಬ ಹರಡಿ ಹೊಸ ಜಾಗದಲ್ಲಿ ಕೂರುತ್ತವೆ. ಒಣಮೆತ್ತೆಯ, ಅಂದರೆ ಹುಲ್ಲಿಗೂ ಮಣ್ಣಿಗೂ ನಡುವೆ ಕಟ್ಟಿಕೊಳ್ಳುವ ಒಣ ಕಾಂಡ, ಬೇರುಗಳ ಪದರದ ಮೇಲೆ ಮಣ್ಣು ಸುರಿದರೆ ಮೆತ್ತೆ ಒಳಗೇ ಹೂತುಹೋಗಿ ನೀರು ಇಳಿಯುವ ದಾರಿ ಮುಚ್ಚುತ್ತದೆ. ನೀರು ಮೇಲೇ ನಿಂತರೆ ಮತ್ತೆ ಪಾಚಿ. ವರ್ಷಾವರ್ಷ ಇದೇ ಸುತ್ತು.

ಇನ್ನೊಂದು ತಪ್ಪು ಕ್ಯಾಲೆಂಡರಿನದು. ಇಂಗ್ಲೆಂಡಿನ ವಿಡಿಯೋ ನೋಡಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಲಾನ್ ಕೆರೆಯುವವರಿದ್ದಾರೆ. ನಾನೂ ಹಾಗೇ ಮಾಡಿದವನು. ಒಂದು ನವೆಂಬರಿನಲ್ಲಿ ಬಾಡಿಗೆ ಮೆಷಿನ್ ತಂದು ನಮ್ಮ ಮನೆಮುಂದಿನ ಇನ್ನೂರು ಚದರಡಿಯ ಮೆಕ್ಸಿಕನ್ ಹುಲ್ಲನ್ನು ಚೆನ್ನಾಗಿ ಕೆರೆದೆ. ಮುಂದಿನ ಜೂನ್‌ವರೆಗೂ ಅದು ಬೋಳು ತಲೆಯ ಹಾಗೆ ಇತ್ತು. ಅಲ್ಲಿನವರ ಹುಲ್ಲು ಚಳಿಗೆ ಬೆಳೆಯುವ ಜಾತಿ. ನಮ್ಮದು ಬಿಸಿಲಿಗೆ ಬೆಳೆಯುವ ಜಾತಿ. ಗಾಯ ಮಾಡಿದ ಮೇಲೆ ಮಾಯಲು ಅದಕ್ಕೆ ಬೆಚ್ಚಗಿನ ದಿನಗಳು ಬೇಕು.

## ಕೆಲಸದ ಕ್ರಮ, ಒಂದೇ ಉಸಿರಿನಲ್ಲಿ

ಪರೀಕ್ಷೆ, ಕಾರಣ ಸರಿಪಡಿಸುವುದು, ಪಾಚಿ ಸಾಯಿಸುವುದು, ಹುಲ್ಲು ತಗ್ಗಿಸುವುದು, ಸತ್ತ ಪಾಚಿ ಮತ್ತು ಮೆತ್ತೆ ಬಾಚುವುದು, ತೂತು ಹೊಡೆಯುವುದು, ಆಮೇಲೆ ಮಾತ್ರ ಮಣ್ಣು, ಕೊನೆಗೆ ಗೊಬ್ಬರ. ಇದರಲ್ಲಿ ಯಾವುದನ್ನೂ ಹಿಂದೆಮುಂದೆ ಮಾಡಬೇಡಿ. ಮಾಲಿ ಬಂದವರು "ಮೊದಲು ಗೊಬ್ಬರ ಹಾಕ್ಬಿಡೋಣ ಸಾರ್" ಅಂದರೂ ಒಪ್ಪಬೇಡಿ.

## ಯಾವಾಗ ಮಾಡಬೇಕು

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ಹಳಬರ ಲೆಕ್ಕದಲ್ಲಿ ಹೇಳುವುದಾದರೆ ಕೃತ್ತಿಕಾ ಮಳೆ ಬೀಳುವಾಗ ಪಾಚಿಯ ಕೆಲಸ, ರೋಹಿಣಿ, ಮೃಗಶಿರಾ ಹೊತ್ತಿಗೆ ಬಾಚುವ ಕೆಲಸ. ಮೇ ತಿಂಗಳ ಗುಡುಗು ಮಳೆಗೆ ಒಣಗಿ ಮಲಗಿದ್ದ ಪಾಚಿ ಎಚ್ಚರವಾಗುತ್ತದೆ, ಆಗಲೇ ಅದಕ್ಕೆ ಮದ್ದು ತಾಗುವುದು. ಹುಲ್ಲೂ ಅದೇ ಹೊತ್ತಿಗೆ ಜೋರಾಗಿ ಚಿಗುರುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಡ. ಬಾಚಿದ ಲಾನ್‌ಗೆ ಹತ್ತು ದಿನ ನೀರು ಬೇಕೇಬೇಕು. ಆ ತಿಂಗಳುಗಳಲ್ಲಿ ನಮ್ಮೂರಿನ ನೀರಿನ ಪಾಡು ಗೊತ್ತಲ್ವಾ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಡುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು.

ಸೆಪ್ಟೆಂಬರ್, ಅಕ್ಟೋಬರ್ ಕೂಡ ಬೇಡ. ಬೆಂಗಳೂರಿಗೆ ಅತಿ ಜಾಸ್ತಿ ಮಳೆ ಬೀಳುವುದು ಆಗಲೇ. ಬಾಚಿ ತೆರೆದಿಟ್ಟ ಮಣ್ಣು ಕೊಚ್ಚಿಹೋಗುತ್ತದೆ, ಹಿಂದೆಯೇ ಚಳಿ ಬಂದು ಹುಲ್ಲು ನಿಧಾನವಾಗುತ್ತದೆ.

## ಬೇಕಾಗುವ ಸಾಮಾನು

- ಸ್ಪ್ರಿಂಗ್ ಹಲ್ಲಿನ ಕಬ್ಬಿಣದ ರೇಕ್. ಎಲೆ ಗುಡಿಸುವ ಪ್ಲಾಸ್ಟಿಕ್ ರೇಕ್ ಇದಕ್ಕೆ ಆಗುವುದಿಲ್ಲ, ಹಲ್ಲು ಮಡಚಿಕೊಳ್ಳುತ್ತದೆ.
- ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕ್. ಟೊಳ್ಳು ಹಲ್ಲಿನದು ಸಿಕ್ಕರೆ ಇನ್ನೂ ಒಳ್ಳೆಯದು.
- ಹಳೇ ಅಡುಗೆ ಚಾಕು, ಸ್ಕೇಲ್, ಒಂದು ಮಗ್.
- ಹುಲ್ಲು ಕತ್ತರಿಸುವ ಮೂವರ್ ಅಥವಾ ದೊಡ್ಡ ಕತ್ತರಿ.
- ಶವರ್ ಮೂತಿಯ ನೀರಿನ ಕ್ಯಾನ್ ಅಥವಾ 5 ಲೀಟರಿನ ಕೈಪಂಪ್ ಸ್ಪ್ರೇಯರ್.
- ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಸ್ವಲ್ಪ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್.
- ಕಡ್ಡಿಪೊರಕೆ, ಜರಡಿ, ನಾಲ್ಕೈದು ಗೋಣಿಚೀಲ, ರಬ್ಬರ್ ಗ್ಲೌಸ್.

ಇನ್ನೂರು ಚದರಡಿಗೆ ಮೆಷಿನ್ ಬೇಕಿಲ್ಲ. ಇಬ್ಬರು ಸೇರಿದರೆ ಒಂದು ಶನಿವಾರ, ಭಾನುವಾರದಲ್ಲಿ ಮುಗಿಯುತ್ತದೆ. ಸಾವಿರ ಚದರಡಿ ದಾಟಿದರೆ ಮಾತ್ರ ಬಾಡಿಗೆ ಮೆಷಿನ್ ಬಗ್ಗೆ ಯೋಚಿಸಿ.

## ಹಂತ 1: ಚಾಕು ಇಳಿಸಿ ನೋಡಿ

ಲಾನ್‌ನ ನಾಲ್ಕು ಕಡೆ ಚಾಕುವಿನಿಂದ ಮೂರು ಇಂಚು ಆಳದ ತ್ರಿಕೋನ ಕೊಯ್ದು, ಕೇಕಿನ ತುಂಡಿನಂತೆ ಮೇಲೆತ್ತಿ. ಪಕ್ಕದಿಂದ ನೋಡಿದರೆ ಮೂರು ಪದರ ಕಾಣುತ್ತದೆ. ಮೇಲೆ ಹಸಿರು. ಕೆಳಗೆ ಕೆಂಪು ಮಣ್ಣು. ನಡುವೆ ಹಳೇ ತೆಂಗಿನ ನಾರಿನ ಬಣ್ಣದ, ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗಿ ಮತ್ತೆ ಏಳುವ ಪದರ. ಅದೇ ಥ್ಯಾಚ್. ನಮ್ಮ ಮಾಲಿ ಅದನ್ನು ಮೆತ್ತೆ ಅನ್ನುತ್ತಾರೆ. ಆ ಪದವೇ ಚೆನ್ನಾಗಿದೆ, ಇಲ್ಲಿ ನಾನೂ ಅದನ್ನೇ ಬಳಸುತ್ತೇನೆ.

ತುಂಡನ್ನು ಹಿಂಡದೆ ಸ್ಕೇಲ್ ಇಟ್ಟು ಅಳೆಯಿರಿ. ಅರ್ಧ ಇಂಚಿನವರೆಗೆ ಇದ್ದರೆ ಬಿಟ್ಟುಬಿಡಿ. ಅಷ್ಟು ಇದ್ದರೆ ಒಳ್ಳೆಯದೇ, ಬಿಸಿಲಿಗೆ ಬೇರು ಕಾಯದಂತೆ ತಡೆಯುತ್ತದೆ. ಅರ್ಧ ಇಂಚು ದಾಟಿದರೆ ತೆಗೆಯಬೇಕು. ಒಂದು ಇಂಚು ದಾಟಿದ್ದರೆ ಒಂದೇ ವರ್ಷದಲ್ಲಿ ಪೂರ್ತಿ ತೆಗೆಯುವ ಹಟ ಬೇಡ, ಎರಡು ವರ್ಷಕ್ಕೆ ಹಂಚಿಕೊಳ್ಳಿ. ಯಾಕೆಂದರೆ ಮೆತ್ತೆ ಅಷ್ಟು ದಪ್ಪಗಾದಾಗ ಹುಲ್ಲು ಮಣ್ಣಿಗೆ ಬೇರು ಬಿಡುವುದನ್ನು ಬಿಟ್ಟು ಮೆತ್ತೆಯೊಳಗೇ ಬೇರು ಬಿಟ್ಟಿರುತ್ತದೆ. ಪೂರ್ತಿ ಕಿತ್ತರೆ ಹುಲ್ಲೂ ಜೊತೆಗೆ ಬರುತ್ತದೆ.

ಈಗ ಮಗ್ಗಿನಲ್ಲಿ ನೀರು ತಂದು ಒಂದೇ ಜಾಗಕ್ಕೆ ಸುರಿಯಿರಿ. ನೀರು ತಕ್ಷಣ ಇಳಿಯದೆ ಪಕ್ಕಕ್ಕೆ ಹರಿದರೆ ಮೆತ್ತೆ ನೀರನ್ನು ತಳ್ಳುತ್ತಿದೆ ಅಥವಾ ಮಣ್ಣು ಗಟ್ಟಿಯಾಗಿದೆ. ಎರಡೂ ಇರಬಹುದು.

ಕೊಯ್ದ ತುಂಡಿನಲ್ಲಿ ಇನ್ನೊಂದು ಸಂಗತಿ ಕಾಣಬಹುದು. ಕೆಂಪು ಮಣ್ಣು, ಕಂದು ನಾರು, ಮತ್ತೆ ಕೆಂಪು ಮಣ್ಣು, ಮತ್ತೆ ನಾರು, ಪದರ ಪದರದ ಚಿರೋಟಿಯ ಹಾಗೆ. ವರ್ಷಕ್ಕೊಮ್ಮೆ ಮೆತ್ತೆಯ ಮೇಲೇ ಮಣ್ಣು ಹರಡಿಸಿದ ಗುರುತು ಇದು. ಇಂಥ ಲಾನ್‌ಗೆ ಹಂತ 6 ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಹೂತ ಪದರವನ್ನು ಬಾಚಿ ತೆಗೆಯಲು ಬರುವುದಿಲ್ಲ, ತೂತು ಹೊಡೆದೇ ದಾಟಬೇಕು.

ಪಾಚಿಯ ವಿಷಯ. ನಾವು ಎರಡು ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಕಾಲಿಟ್ಟರೆ ಜಾರುವ, ಒಣಗಿದಾಗ ಕಪ್ಪು ಹಪ್ಪಳದಂತೆ ಏಳುವ ಲೋಳೆ ಒಂದು. ಬೆರಳಿಗೆ ವೆಲ್ವೆಟ್ಟಿನಂತೆ ತಾಗುವ, ಎಳೆದರೆ ಪುಟ್ಟ ಪುಟ್ಟ ಗಿಡಗಳಾಗಿ ಬಿಡಿಸಿಕೊಳ್ಳುವ ಹಸಿರು ಇನ್ನೊಂದು. ಲೋಳೆ ಪಾಚಿಗೆ ನೀರು ಕಮ್ಮಿ ಮಾಡಿ, ಮೇಲ್ಮೈ ಕೆರೆದು ಗಾಳಿ ಆಡುವಂತೆ ಮಾಡಿದರೆ ಹೆಚ್ಚಾಗಿ ಸಾಕು. ಮುಂದೆ ಹೇಳುವ ಮದ್ದು ವೆಲ್ವೆಟ್ ಪಾಚಿಗೆ.

ಎಚ್ಚರಿಕೆ: ತುಂಡು ಕೊಯ್ಯುವಾಗ ಹುಲ್ಲು ಜಮಖಾನದ ಹಾಗೆ ಸುಮ್ನೆ ಎದ್ದು ಬಂದರೆ, ಕೆಳಗೆ ಬೇರೇ ಇಲ್ಲದಿದ್ದರೆ, ಅಲ್ಲಿಗೆ ನಿಲ್ಲಿಸಿ. ಮಣ್ಣಿನಲ್ಲಿ ಅರೆಚಂದ್ರದಂತೆ ಮಡಚಿಕೊಂಡ ಬಿಳಿ ಗೊಣ್ಣೆ ಹುಳು ಇದೆಯಾ ನೋಡಿ. ಅದಿದ್ದರೆ ಮೊದಲು ಅದರ ಉಪಾಯ. ಬೇರಿಲ್ಲದ ಹುಲ್ಲನ್ನು ಬಾಚಿದರೆ ಏನೂ ಉಳಿಯುವುದಿಲ್ಲ.

## ಹಂತ 2: ಪಾಚಿ ಯಾಕೆ ಬಂತು, ಅದನ್ನು ಮೊದಲು ಸರಿಮಾಡಿ

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ. ಹುಲ್ಲು ಸೊರಗಿ ಬಿಟ್ಟ ಜಾಗದಲ್ಲಿ ಬಂದು ಕೂರುತ್ತದೆ. ಅದಕ್ಕೆ ನಿಜವಾದ ಬೇರೂ ಇಲ್ಲ. ಹಾಗಾಗಿ ಜಾಗ ಖಾಲಿ ಇರುವವರೆಗೆ ನೀವು ಎಷ್ಟು ಸಲ ಸಾಯಿಸಿದರೂ ಅದು ಬರುತ್ತಲೇ ಇರುತ್ತದೆ.

ನೆರಳು. ಬೆಳಗ್ಗೆಯಿಂದ ಸಂಜೆವರೆಗೆ ಎರಡು ಗಂಟೆಗೊಮ್ಮೆ ಒಂದು ಫೋಟೋ ತೆಗೆದಿಡಿ. ಪಾಚಿ ಇರುವ ಜಾಗಕ್ಕೆ ನೇರ ಬಿಸಿಲು ಎಷ್ಟು ಗಂಟೆ ಬಿತ್ತು ಎಂದು ಗೊತ್ತಾಗುತ್ತದೆ. ಬರ್ಮುಡಾ ಹುಲ್ಲು, ಅಂದರೆ ಗಣೇಶನಿಗೆ ಏರಿಸುವ ಗರಿಕೆಯ ಬಳಗದ್ದು, ದಿನಕ್ಕೆ ಆರು ಗಂಟೆಗಿಂತ ಕಮ್ಮಿ ಬಿಸಿಲಿನಲ್ಲಿ ತೆಳ್ಳಗಾಗುತ್ತದೆ. ಮೆಕ್ಸಿಕನ್ ಹುಲ್ಲು ಸ್ವಲ್ಪ ತಡೆಯುತ್ತದೆ, ಆದರೂ ನಾಲ್ಕು ಗಂಟೆ ಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಅಲ್ಲಿ ಲಾನ್ ಆಸೆ ಬಿಡಿ. ಅಗಲ ಎಲೆಯ ಬಫಲೋ ಹುಲ್ಲು ಹಾಕಿ, ಅಥವಾ ನಾಲ್ಕು ಕಲ್ಲು ಹಾಸಿ ನಡುವೆ ನೆರಳಿನ ಗಿಡ ಇಡಿ. ಇದು ಸೋಲಲ್ಲ, ಲೆಕ್ಕಾಚಾರ.

ನೆರಳು ಕೊಡುವುದು ರಸ್ತೆಯ ಹೊಂಗೆಯೋ ಮಳೆಮರವೋ ಆಗಿದ್ದರೆ ನೀವೇ ಕೊಂಬೆ ಕಡಿಯಬೇಡಿ. ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಟ್ಟು ಅವರಿಂದಲೇ ಮಾಡಿಸಬೇಕು.

ನೀರು. ಅಪಾರ್ಟ್‌ಮೆಂಟ್‌ಗಳಲ್ಲಿ ಪಾಚಿಗೆ ದೊಡ್ಡ ಕಾರಣ ಕೊಳಚೆ ಶುದ್ಧೀಕರಿಸಿ ಬಿಡುವ ಎಸ್‌ಟಿಪಿ ನೀರು. ಟ್ಯಾಂಕ್ ತುಂಬಿತು, ಖಾಲಿ ಮಾಡಬೇಕು, ಹಾಗಾಗಿ ಮಳೆ ಬಂದ ದಿನವೂ ಎರಡು ಹೊತ್ತು ಸ್ಪ್ರಿಂಕ್ಲರ್. ಸಂಜೆ ಬಿಟ್ಟ ನೀರು ರಾತ್ರಿಯೆಲ್ಲ ಮೇಲೇ ಇರುತ್ತದೆ, ಪಾಚಿಗೆ ಹಬ್ಬ. ಬೆಳಗ್ಗೆ ಮಾತ್ರ ಬಿಡಿ, ವಾರಕ್ಕೆರಡು ಸಲ, ಆದರೆ ನಾಲ್ಕು ಇಂಚು ಆಳಕ್ಕೆ ಇಳಿಯುವಷ್ಟು. ಮನೆಗಳಲ್ಲಾದರೆ ತಾರಸಿ ಪೈಪು ಲಾನ್‌ಗೆ ಬೀಳುತ್ತಿದೆಯಾ, ಸಂಪ್ ತುಂಬಿ ಹರಿದ ನೀರು ಅಲ್ಲಿಗೇ ಬರುತ್ತದೆಯಾ ನೋಡಿ. ಅದನ್ನು ಇಂಗುಗುಂಡಿಗೆ ತಿರುಗಿಸಿ.

ಗಟ್ಟಿ ಮಣ್ಣು. ಕಾರು ಅರ್ಧ ಚಕ್ರ ಹತ್ತುವ ಅಂಚು, ಮೀಟರ್ ನೋಡಲು ನಡೆಯುವ ದಾರಿ, ಮಕ್ಕಳ ಕ್ರಿಕೆಟ್ ಪಿಚ್. ಹಂತ 6 ಇದಕ್ಕೇ ಇರುವುದು. ಜನ ನಡೆಯುವ ದಾರಿಗೆ ಕಲ್ಲು ಹಾಸದೆ ಬೇರೆ ಪರಿಹಾರ ಇಲ್ಲ.

ಸುಣ್ಣ. "ಪಾಚಿ ಬಂದರೆ ಮಣ್ಣು ಹುಳಿ, ಸುಣ್ಣ ಹಾಕಿ" ಎಂದು ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿ ಹಾಕಬೇಡಿ. ನಮ್ಮ ಕೆಂಪು ಮಣ್ಣು ಸ್ವಲ್ಪ ಹುಳಿ ಇರಬಹುದು, ಆದರೆ ವರ್ಷಗಟ್ಟಲೆ ಬೋರ್‌ವೆಲ್‌ನ ಗಡಸು ನೀರು ಕುಡಿದ ಮಣ್ಣು ಎಷ್ಟೋ ಸಲ ಕ್ಷಾರದ ಕಡೆಗೇ ಹೋಗಿರುತ್ತದೆ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 5.5ಕ್ಕಿಂತ ಕೆಳಗೆ ಬಂದರೆ ಮಾತ್ರ ಸುಣ್ಣದ ಮಾತು, ಅದೂ ಅನ್ನಭೇದಿಯ ಜೊತೆಗಲ್ಲ.

## ಹಂತ 3: ಪಾಚಿ ಸಾಯಿಸುವುದು

ಹಿಂದಿನ ದಿನ ಮಳೆ ಬಂದು, ಇವತ್ತು ಮೋಡ ಬಿಟ್ಟ ಬೆಳಗ್ಗೆ ಸರಿಯಾದ ಹೊತ್ತು. ಪಾಚಿ ನೆನೆದಿರಬೇಕು, ಮುಂದಿನ 24 ಗಂಟೆ ಮಳೆ ಇರಬಾರದು. ಮೇ ತಿಂಗಳಲ್ಲಿ ಸಂಜೆ ಮಳೆ ಜಾಸ್ತಿ, ಹಾಗಾಗಿ ಬೆಳಗ್ಗೆ ಎಂಟರೊಳಗೆ ಮುಗಿಸಿ, ಉಳಿದದ್ದು ಅದೃಷ್ಟ. ಸಂಜೆಯೇ ಮಳೆ ತೊಳೆದುಬಿಟ್ಟರೆ ವಾರ ಬಿಟ್ಟು ಮತ್ತೆ ಹಾಕಬಹುದು.

ಪ್ರಮಾಣ: ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು. ಒಂದು ಚದರ ಮೀಟರ್ ಪಾಚಿಗೆ ಸುಮಾರು ಒಂದು ಲೀಟರ್. ನಿಂಬೆ ಉಪ್ಪು ಯಾಕೆ ಅಂದರೆ, ಬೋರ್‌ವೆಲ್ ನೀರಿಗೆ ಅನ್ನಭೇದಿ ಹಾಕಿದರೆ ನೋಡ್ತಾ ನೋಡ್ತಾ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅದು ಪ್ರಯೋಜನಕ್ಕಿಲ್ಲ. ಸ್ವಲ್ಪ ಹುಳಿ ಇದ್ದರೆ ಅದು ನಿಧಾನವಾಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಕಲಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಇಡಬೇಡಿ.

ಮೊದಲ ಸಲವಾದರೆ ಒಂದು ಮೂಲೆಯಲ್ಲಿ ಒಂದಡಿ ಜಾಗಕ್ಕೆ ಹಾಕಿ ಎರಡು ದಿನ ನೋಡಿ. ಪಾಚಿ ಮೊದಲು ಕಡು ಕಂದು, ಆಮೇಲೆ ಕಪ್ಪಾಗುತ್ತದೆ. ಹುಲ್ಲಿನ ತುದಿ ಸ್ವಲ್ಪ ಕಪ್ಪಾದರೂ ಭಯ ಬೇಡ, ವಾರದಲ್ಲಿ ಮೊದಲಿಗಿಂತ ಕಡು ಹಸಿರಾಗುತ್ತದೆ. ಪೂರ್ತಿ ಸಾಯಲು ಒಂದು ವಾರದಿಂದ ಹತ್ತು ದಿನ ಬಿಡಿ.

ಇಲ್ಲಿ ಜನ ಎಡವುವ ಜಾಗಗಳು ಹೀಗಿವೆ.

ಅಂಗಡಿಯಲ್ಲಿ ಅನ್ನಭೇದಿ ಕೇಳಿ ಮೈಲುತುತ್ತ ತರುವುದು. ಅನ್ನಭೇದಿ ತಿಳಿಹಸಿರು ಹರಳು. ಮೈಲುತುತ್ತ ಗಾಢ ನೀಲಿ, ಅದು ತಾಮ್ರ. ತಾಮ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ, ಎರೆಹುಳುಗಳಿಗೆ ವಿಷ. ಮೆತ್ತೆಯನ್ನು ಕೊಳೆಸಿ ತಿನ್ನುವ ಎರೆಹುಳುವನ್ನೇ ಕೊಂದರೆ ನಾವು ಮಾಡುತ್ತಿರುವ ಕೆಲಸಕ್ಕೆ ನಾವೇ ಕಲ್ಲು ಹಾಕಿದ ಹಾಗೆ. ಬ್ಲೀಚಿಂಗ್ ಪೌಡರ್ ಕೂಡ ಲಾನ್ ಕಡೆ ಸುಳಿಯಬಾರದು.

ಕಲೆ. ಅನ್ನಭೇದಿ ಸಿಮೆಂಟ್, ಟೈಲ್ಸ್, ಕಲ್ಲು, ಬಟ್ಟೆ ಎಲ್ಲದಕ್ಕೂ ತುಕ್ಕಿನ ಕಲೆ ಹಾಕುತ್ತದೆ. ನಮ್ಮ ಮನೆಯ ಸಾದರಹಳ್ಳಿ ಕಲ್ಲಿನ ಮೆಟ್ಟಿಲ ಮೇಲೆ ನನ್ನದೇ ಚಪ್ಪಲಿಯ ಐದು ಕಿತ್ತಳೆ ಹೆಜ್ಜೆ ಇನ್ನೂ ಇದೆ. ಬಂದ ನೆಂಟರೆಲ್ಲ ಏನದು ಅಂತ ಕೇಳುತ್ತಾರೆ. ಅಂಚಿನ ಕಲ್ಲುಗಳಿಗೆ ಮೊದಲು ನೀರು ಹಾಕಿ ನೆನೆಸಿ, ಬಿದ್ದ ಹನಿಯನ್ನು ಆಗಿಂದಾಗ ತೊಳೆಯಿರಿ, ಮನೆಯೊಳಗೆ ಹೋಗುವ ಮೊದಲು ನಲ್ಲಿಯ ಹತ್ತಿರ ಕಾಲು ತೊಳೆದುಕೊಳ್ಳಿ. ಮಕ್ಕಳು, ನಾಯಿ ಆ ದಿನ ಲಾನ್ ಮೇಲೆ ಬರಬಾರದು.

ಇನ್ನು ಬೇಸಿಗೆಯ ಪಾಚಿ ನಂಬಬೇಡಿ. ಮಾರ್ಚ್‌ನಲ್ಲಿ ಒಣಗಿ ಕಂದಾಗಿದ್ದು ಸತ್ತಿದೆ ಅಂದುಕೊಂಡು ಬಾಚುವವರಿದ್ದಾರೆ. ಅದರ ಮೇಲೆ ಒಂದು ಲೋಟ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಕಾಯಿರಿ. ಎಲೆ ಬಿಚ್ಚಿ ಹಸಿರಾದರೆ ಅದು ನಿದ್ದೆಯಲ್ಲಿತ್ತು ಅಷ್ಟೇ.

## ಹಂತ 4: ಹುಲ್ಲು ತಗ್ಗಿಸಿ

ಬಾಚುವ ಮೂರು ನಾಲ್ಕು ದಿನ ಮುಂಚೆ ಶುರುಮಾಡಿ, ಎರಡು ಸಲಕ್ಕೆ ಇಳಿಸಿ. ಒಂದೇ ಸಲ ಬುಡಕ್ಕೆ ಕತ್ತರಿಸಬೇಡಿ. ಎರಡು ಇಂಚಿದ್ದರೆ ಮೊದಲು ಒಂದೂಕಾಲಕ್ಕೆ, ಆಮೇಲೆ ಮುಕ್ಕಾಲು ಇಂಚಿಗೆ. ಕತ್ತರಿಸಿದ ಹುಲ್ಲನ್ನು ಈ ಸಲ ಪೂರ್ತಿ ಎತ್ತಿಬಿಡಿ.

ಬೇರೆ ದಿನಗಳಲ್ಲಿ ಕತ್ತರಿಸಿದ ಹುಲ್ಲು ಅಲ್ಲೇ ಉಳಿದರೆ ಮೆತ್ತೆ ಆಗುತ್ತದೆ ಎಂಬ ಮಾತಿದೆಯಲ್ಲ, ಅದು ಅಷ್ಟು ನಿಜವಲ್ಲ. ಎಲೆಯಲ್ಲಿ ಬಹುಪಾಲು ನೀರು, ಬೇಗ ಕೊಳೆಯುತ್ತದೆ. ಮೆತ್ತೆ ಆಗುವುದು ನಾರು ಜಾಸ್ತಿ ಇರುವ ಕಾಂಡ, ಹಬ್ಬುವ ಬಳ್ಳಿ, ಬೇರುಗಳಿಂದ. ಅವು ಹುಟ್ಟುವ ವೇಗಕ್ಕೆ ಕೊಳೆಯುವ ವೇಗ ಸಾಲದಾದಾಗ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಯೂರಿಯಾ ಸುರಿದು ಓಡಿಸಿದ ಲಾನ್‌ಗಳಲ್ಲಿ ಮೆತ್ತೆ ಜಾಸ್ತಿ ಇರುವುದು ಇದಕ್ಕೇ.

## ಹಂತ 5: ಬಾಚುವುದು

ಮಣ್ಣಿನ ಹದ ಮೊದಲು ನೋಡಿ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ. ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಕೈಗೆ ಮೆತ್ತಿಕೊಂಡರೆ ಒಂದು ದಿನ ಕಾಯಿರಿ. ಕೆಸರಿನಲ್ಲಿ ಬಾಚಿದರೆ ಹುಲ್ಲು ಬೇರುಸಹಿತ ಬರುತ್ತದೆ. ಪುಡಿಯಾದರೆ ಹಿಂದಿನ ಸಂಜೆ ನೀರು ಬಿಡಿ.

ಮೊದಲ ಸುತ್ತು ಕಪ್ಪಾದ ಪಾಚಿಗೆ ಮಾತ್ರ. ಹಗುರವಾಗಿ, ಪಾಚಿ ಮಚ್ಚೆಯ ಹೊರಗಿನಿಂದ ಒಳಕ್ಕೆ ಎಳೆಯಿರಿ. ಒಳಗಿನಿಂದ ಹೊರಕ್ಕೆ ಎಳೆದರೆ ಎಲ್ಲೋ ಉಳಿದ ಹಸಿರು ಚೂರನ್ನು ಚೆನ್ನಾಗಿರುವ ಜಾಗಕ್ಕೆ ನೀವೇ ಕೊಂಡೊಯ್ದು ಬಿಟ್ಟ ಹಾಗೆ. ತೆಗೆದದ್ದನ್ನು ಬೇರೆ ಚೀಲಕ್ಕೆ ತುಂಬಿ.

ಎರಡನೇ ಸುತ್ತು ಮೆತ್ತೆಗೆ. ರೇಕಿನ ಹಲ್ಲು ಮಣ್ಣಿಗೆ ತಾಗಿದ್ದು ಕೈಗೆ ತಿಳಿಯುತ್ತದೆ, ಚರಚರ ಸದ್ದೂ ಬರುತ್ತದೆ. ಅಷ್ಟೇ ಆಳ ಸಾಕು. ಮಣ್ಣನ್ನು ಉಳುವುದು ನಮ್ಮ ಕೆಲಸವಲ್ಲ. ಎರಡಡಿಯಷ್ಟು ಗಿಡ್ಡ ಎಳೆತ, ಬೆನ್ನು ನೇರ, ಉದ್ದಕ್ಕೆ ಒಂದು ಸುತ್ತು. ಇನ್ನೂರು ಚದರಡಿಯಲ್ಲಿ ಎಷ್ಟು ಬರುತ್ತದೆ ಎಂದು ನಂಬುವುದು ಕಷ್ಟ. ನಮ್ಮಲ್ಲಿ ಮೊದಲ ಸಲ ನಾಲ್ಕು ಗೋಣಿಚೀಲ ತುಂಬಿತು, ಹೆಂಡತಿ "ಹುಲ್ಲು ಉಳಿದಿದೆಯಾ?" ಅಂತ ಹೊರಗೆ ಬಂದು ನೋಡಿದಳು.

ಎಲ್ಲಿ ನಿಲ್ಲಿಸಬೇಕು ಎನ್ನುವುದು ಹುಲ್ಲಿನ ಮೇಲೆ ಹೋಗುತ್ತದೆ. ಬರ್ಮುಡಾಗೆ ಮಣ್ಣಿನೊಳಗೂ ಕಾಂಡ ಇದೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಚಿದರೂ ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮೆಕ್ಸಿಕನ್ ಹುಲ್ಲಿಗೂ ಒಳಗಿನ ಕಾಂಡ ಇದೆ, ಆದರೆ ಸೋಮಾರಿ. ಮುಚ್ಚಿಕೊಳ್ಳಲು ಎರಡು ತಿಂಗಳು ಬೇಕಾಗಬಹುದು. ಅದಕ್ಕೆ ವರ್ಷಕ್ಕೆ ಒಂದೇ ದಿಕ್ಕಿನ ಒಂದೇ ಸುತ್ತು. ಬಫಲೋ ಹುಲ್ಲಿನ ಕಾಂಡವೆಲ್ಲ ಮಣ್ಣಿನ ಮೇಲೇ ಹಬ್ಬಿರುತ್ತದೆ, ಜೋರಾಗಿ ಬಾಚಿದರೆ ಲಾನ್ ಪೂರ್ತಿ ರೇಕಿಗೆ ಸುತ್ತಿಕೊಂಡು ಬರುತ್ತದೆ. ಕೈಯಲ್ಲೇ ಬಿಡಿಸಿ ಒಣಗಿದ್ದನ್ನು ತೆಗೆಯಿರಿ.

ಮೆಷಿನ್ ಬಳಸುವವರು ಬ್ಲೇಡ್ ಮಣ್ಣನ್ನು ಮುಟ್ಟೀ ಮುಟ್ಟದ ಮಟ್ಟದಿಂದ ಶುರುಮಾಡಿ. ನನ್ನ ನವೆಂಬರಿನ ತಪ್ಪಿನಲ್ಲಿ ತಿಂಗಳು ಅರ್ಧ ತಪ್ಪು, ಬ್ಲೇಡಿನ ಆಳ ಇನ್ನರ್ಧ.

ಬಾಚಿ ಬಂದ ರಾಶಿಯನ್ನು ತಕ್ಷಣ ಎಸೆಯಬೇಡಿ. ಅದರಲ್ಲಿ ಹಸಿರು ಗೆಣ್ಣು, ಬಿಳಿ ಬೇರು ಇರುವ ಬಳ್ಳಿ ತುಂಡುಗಳು ಸಿಗುತ್ತವೆ. ಎರಡು ಮೂರು ಗೆಣ್ಣಿನವನ್ನು ಆರಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಹಂತ 7ರ ಮಣ್ಣು ಹಾಕಿದ ಮೇಲೆ ಬೋಳಾದ ಜಾಗಕ್ಕೆ ಮೂರು ಇಂಚಿಗೊಂದರಂತೆ ನೆಡಬಹುದು. ನರ್ಸರಿಯಿಂದ ಹೊಸ ಹುಲ್ಲು ತರುವ ಖರ್ಚು ಉಳಿಯುತ್ತದೆ, ಜಾತಿಯೂ ಒಂದೇ ಇರುತ್ತದೆ. ಉಳಿದ ರಾಶಿಯನ್ನು ಮೂರು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಸಗಣಿ ನೀರು ಹಾಕಿ ಗೊಬ್ಬರದ ಗುಂಡಿಗೆ. ಹಸಿಯಾಗಿಯೇ ಹಾಕಿದರೆ ಗುಂಡಿಯಲ್ಲೇ ಲಾನ್ ಬೆಳೆಯುತ್ತದೆ. ಸುಡಬೇಡಿ.

## ಹಂತ 6: ತೂತು ಹೊಡೆಯುವುದು

ಹೆಚ್ಚಿನವರು ಬಿಡುವ ಹಂತ ಇದೇ. ಬಾಚಿದ ಮೇಲೆ ಸುಸ್ತಾಗಿರುತ್ತದೆ, ನಿಜ. ನಾಳೆ ಮಾಡಿ, ಆದರೆ ಮಾಡಿ.

ಫೋರ್ಕನ್ನು ನೇರವಾಗಿ ಮೂರು ನಾಲ್ಕು ಇಂಚು ಇಳಿಸಿ, ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮಣ್ಣು ಒಂದಿಷ್ಟು ಉಸಿರು ಬಿಟ್ಟಂತೆ ಏಳಬೇಕು, ಮತ್ತೆ ಹೊರಗೆ ಎಳೆಯಿರಿ. ನಾಲ್ಕು ಇಂಚಿಗೊಂದು ಸಾಲು. ಹಿಂದಕ್ಕೆ ನಡೆಯುತ್ತಾ ಮಾಡಿ, ಹೊಡೆದ ತೂತನ್ನು ತುಳಿಯಬೇಡಿ. ಟೊಳ್ಳು ಹಲ್ಲಿನ ಫೋರ್ಕ್ ಇದ್ದರೆ ಅದು ಮಣ್ಣಿನ ಕಡ್ಡಿಯನ್ನೇ ಹೊರತೆಗೆಯುತ್ತದೆ. ಪಾಚಿ ಇದ್ದ ಜಾಗ, ಚಿರೋಟಿ ಪದರದ ಜಾಗಕ್ಕೆ ಅದೇ ಬೇಕು.

ಹಲಗೆಗೆ ಮೊಳೆ ಹೊಡೆದು ಚಪ್ಪಲಿಯಂತೆ ಕಟ್ಟಿಕೊಂಡು ನಡೆಯುವುದನ್ನು ಕೆಲವರು ತೋರಿಸುತ್ತಾರೆ. ಸುಮ್ನೆ ಕಾಲು ಉಳುಕಿಸಿಕೊಳ್ಳುವ ಕೆಲಸ. ಮೊಳೆಯ ಸಣ್ಣ ತೂತು ಒಂದು ಮಳೆಗೆ ಮುಚ್ಚಿಹೋಗುತ್ತದೆ, ಜೊತೆಗೆ ನಿಮ್ಮ ಭಾರಕ್ಕೆ ಸುತ್ತಲಿನ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ.

ಫೋರ್ಕ್ ಇಳಿಯುವಾಗ ಒಂದೇ ಆಳದಲ್ಲಿ ಎಲ್ಲೆಡೆ ಠಣ್ ಎಂದರೆ ಕೆಳಗೆ ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಸಿಮೆಂಟ್ ಹೂತಿದೆ ಎಂದರ್ಥ. ಹೊಸ ಬಡಾವಣೆಗಳಲ್ಲಿ ಇದು ಮಾಮೂಲು. ಆ ಜಾಗಕ್ಕೆ ಇದ್ಯಾವುದೂ ನಾಟುವುದಿಲ್ಲ, ಒಂದಡಿ ಅಗೆದು ಮಣ್ಣು ಬದಲಿಸಬೇಕು.

## ಹಂತ 7: ಈಗ ಮಣ್ಣು

ಪ್ರತಿ ವರ್ಷ ಹಾಕಿಸುವ ಆ ಕೆಂಪು ಮಣ್ಣಿಗೆ ಸರಿಯಾದ ಜಾಗ ಇದು, ಅದೂ ತೆಳ್ಳಗೆ. ಎರಡು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಹಸಿ ಸಗಣಿ ಗೊಬ್ಬರ ತಂದರೆ ಕಳೆ ಬೀಜ, ಗೊಣ್ಣೆ ಹುಳು ಎರಡೂ ಉಚಿತ.

ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು ಬಳಸುವುದಾದರೆ ಕಾಂಕ್ರೀಟ್‌ಗೆ ಬಳಸುವ ದಪ್ಪ ಮರಳು ತಂದು ಬಕೆಟ್ಟಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕಲ್ಲಿನ ಹುಡಿ ಹಾಲಿನಂತೆ ಹೊರಹೋಗಬೇಕು. ಪ್ಲಾಸ್ಟರಿಂಗ್ ಮರಳು ಬೇಡ, ತೂತುಗಳಲ್ಲಿ ಗಾರೆಯ ಹಾಗೆ ಕೂರುತ್ತದೆ.

ದಪ್ಪ ಎಷ್ಟು? 5 ಮಿಲಿಮೀಟರ್ ಮೀರಬಾರದು. ಇನ್ನೂರು ಚದರಡಿಗೆ ಸಿಮೆಂಟ್ ಚೀಲದ ಲೆಕ್ಕದಲ್ಲಿ ಮೂರು ಚೀಲ ಸಾಕು, ಟೆಂಪೋ ಅಲ್ಲ. ಕಡ್ಡಿಪೊರಕೆಯಿಂದ ಅಡ್ಡಾದಿಡ್ಡಿ ಗುಡಿಸಿ ತೂತುಗಳಿಗೆ ಇಳಿಸಿ. ಮುಗಿದಾಗ ಹುಲ್ಲಿನ ತುದಿಗಳು ಮೇಲೆ ಕಾಣುತ್ತಿರಬೇಕು. ಕಾಣದಿದ್ದರೆ ಜಾಸ್ತಿಯಾಯಿತು, ಗುಡಿಸಿ ತೆಗೆಯಿರಿ. ಆರಿಸಿಟ್ಟ ಬಳ್ಳಿ ತುಂಡುಗಳನ್ನು ಇದಾದ ಮೇಲೆ ನೆಡಿ, ಒಂದು ಗೆಣ್ಣು ಮಣ್ಣೊಳಗೆ, ಒಂದು ಹೊರಗೆ. ಪಾದದಿಂದ ಒತ್ತಿ, ನೀರು ಚಿಮುಕಿಸಿ.

## ಹಂತ 8: ನೀರು, ಗೊಬ್ಬರ, ಕಾಯುವುದು

ಮೊದಲ ಹತ್ತು ದಿನ ಮಳೆ ಇಲ್ಲದ ದಿನ ಬೆಳಗ್ಗೆ ಹಗುರವಾಗಿ ನೀರು. ಆಮೇಲೆ ವಾರಕ್ಕೆರಡು ಸಲ ಆಳವಾಗಿ. ಆರ್‌ಒ ಫಿಲ್ಟರ್‌ನಿಂದ ಹೊರಬರುವ ನೀರು ಬೇಡ, ಉಪ್ಪು ಜಾಸ್ತಿ. ಮೂರು ವಾರ ಯಾರೂ ತುಳಿಯಬಾರದು. ಒಂದು ಹಗ್ಗ ಕಟ್ಟಿಬಿಡಿ, ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಗೊಬ್ಬರಕ್ಕೆ ಹೊಸ ಚಿಗುರು ಕಾಣುವವರೆಗೆ ಕಾಯಿರಿ, ಸುಮಾರು ಹತ್ತು ದಿನ. ಚದರ ಮೀಟರಿಗೆ 5 ಗ್ರಾಂ ಯೂರಿಯಾ, ಅಂದರೆ ಇನ್ನೂರು ಚದರಡಿಗೆ ಸುಮಾರು 90 ಗ್ರಾಂ. ಮರಳಿನ ಜೊತೆ ಕಲಸಿ, ಎಲೆ ಒಣಗಿದ್ದಾಗ ಎರಚಿ, ತಕ್ಷಣ ನೀರು ಬಿಡಿ. ಮೂರು ವಾರ ಬಿಟ್ಟು ಇನ್ನೊಮ್ಮೆ ಅಷ್ಟೇ. ಒಂದೇ ಸಲ ಹಾಕಿದರೆ ಹುಲ್ಲು ಸುಡುತ್ತದೆ, ಇಲ್ಲಾ ಧಾರಾಳವಾಗಿ ಬೆಳೆದು ಮುಂದಿನ ಮೆತ್ತೆಗೆ ತಳಪಾಯ ಹಾಕುತ್ತದೆ.

ಮೊದಲ ಎರಡು ವಾರ ಲಾನ್ ನೋಡಲು ಚೆನ್ನಾಗಿರುವುದಿಲ್ಲ. ಗಾಬರಿಯಾದರೆ ಒಂದು ಕಂದು ಕಾಂಡವನ್ನು ಉಗುರಿನಿಂದ ಗೀರಿ. ಒಳಗೆ ಬೆಳ್ಳಗೆ, ಹಸಿಯಾಗಿ ಇದ್ದರೆ ಜೀವ ಇದೆ. ಕಡ್ಡಿಯಂತೆ ಮುರಿದರೆ ಅಲ್ಲಿ ನಾಟಿ ಮಾಡಿ. ಅಣಬೆ ಎದ್ದರೆ ಚಿಂತೆಯಿಲ್ಲ, ಉಳಿದ ಮೆತ್ತೆ ಕೊಳೆಯುತ್ತಿದೆ ಎಂದು. ಆದರೆ ಬೆಳಗ್ಗೆ ಇಬ್ಬನಿಯಲ್ಲಿ ಜೇಡರ ಬಲೆಯಂಥ ಬಿಳಿ ಎಳೆ, ಅದರಡಿ ನಾಣ್ಯದಗಲದ ಒಣ ಮಚ್ಚೆ ಕಂಡರೆ ಅದು ಶಿಲೀಂಧ್ರ ರೋಗ. ಸಂಜೆ ನೀರು ಬಿಡುವುದನ್ನು ಪೂರ್ತಿ ನಿಲ್ಲಿಸಿ.

ಹುಲ್ಲು ಒಂದೂವರೆ ಇಂಚಾದಾಗ ಮೊದಲ ಸಲ ಒಂದು ಇಂಚಿಗೆ ಕತ್ತರಿಸಿ, ಬ್ಲೇಡ್ ಸಾಣೆ ಹಿಡಿದಿರಲಿ. ಸೆಪ್ಟೆಂಬರಿನ ಮಳೆಯಲ್ಲಿ ಅಲ್ಲಲ್ಲಿ ಪಾಚಿ ಮತ್ತೆ ಕಾಣಬಹುದು. ಆಗ ರೇಕ್ ಹೊರತೆಗೆಯಬೇಡಿ. ಆ ಮಚ್ಚೆಗಳಿಗೆ ಮಾತ್ರ ಅನ್ನಭೇದಿ ಸಿಂಪಡಿಸಿ ಬಿಡಿ.

ಮುಂದಿನ ಏಪ್ರಿಲ್ ಕೊನೆಯಲ್ಲಿ ಅದೇ ನಾಲ್ಕು ಜಾಗದ ಪಕ್ಕ ಮತ್ತೆ ಚಾಕು ಇಳಿಸಿ ಅಳೆಯಿರಿ. ಅರ್ಧ ಇಂಚಿಗಿಂತ ಕಮ್ಮಿ ಇದ್ದರೆ ಆ ವರ್ಷ ಬಾಚುವುದು ಬೇಡ, ಹಂತ 6 ಮತ್ತು 7 ಮಾತ್ರ.